ಧ್ವಜದೆದುರು ಮನಸ್ಸಾಕ್ಷಿ: ಕ್ರೈಸ್ತ ನಂಬಿಕೆ ಮತ್ತು ರಾಷ್ಟ್ರನಿಷ್ಠೆಯ ಪ್ರತಿಜ್ಞೆ

1985ರ ಜುಲೈ 26ರಂದು ಕೇರಳದ ಕೊಟ್ಟಾಯಂ ಜಿಲ್ಲೆಯ ಶಾಲೆಯೊಂದರಿಂದ ಒಂದೇ ಕುಟುಂಬದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಒಬ್ಬನು ಹತ್ತನೆಯ ತರಗತಿಯವನು, ಒಬ್ಬಳು ಒಂಬತ್ತನೆಯ ತರಗತಿಯವಳು, ಕಿರಿಯಳು ಐದನೆಯ ತರಗತಿಯವಳು. ಅವರು ಯಾರ ಮೇಲೂ ಕೈಮಾಡಿರಲಿಲ್ಲ, ಪಾಠದಲ್ಲಿ ಹಿಂದೆ ಬಿದ್ದಿರಲಿಲ್ಲ. ಬೆಳಗಿನ ಪ್ರಾರ್ಥನಾಸಭೆಯಲ್ಲಿ ಉಳಿದೆಲ್ಲ ಮಕ್ಕಳು ರಾಷ್ಟ್ರಗೀತೆ ಹಾಡುವಾಗ ಈ ಮೂವರು ಎದ್ದುನಿಂತು, ತಲೆಬಾಗಿಸದೆ, ತುಟಿ ಬಿಚ್ಚದೆ ಮೌನವಾಗಿರುತ್ತಿದ್ದರು. ಅವರ ತಪ್ಪು ಅಷ್ಟೇ. ಅವರು ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದವರಾಗಿದ್ದು, ದೇವರಿಗಲ್ಲದೆ ಬೇರಾವುದಕ್ಕೂ ಆರಾಧನೆಯ ರೂಪದ ಗೌರವ ಸಲ್ಲಬಾರದು ಎಂಬುದು ಅವರ ನಂಬಿಕೆಯಾಗಿತ್ತು.

ಈ ಪ್ರಕರಣ ಒಂದು ವರ್ಷದ ಬಳಿಕ ಭಾರತದ ಸರ್ವೋಚ್ಚ ನ್ಯಾಯಾಲಯದ ಮಹತ್ವದ ತೀರ್ಪುಗಳಲ್ಲಿ ಒಂದಕ್ಕೆ ಕಾರಣವಾಯಿತು. ಆದರೆ ಅದರ ಹಿಂದಿರುವ ಪ್ರಶ್ನೆ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಕ್ರೈಸ್ತನೊಬ್ಬನು ತನ್ನ ರಾಜನಿಗೆ, ಧ್ವಜಕ್ಕೆ ಅಥವಾ ರಾಷ್ಟ್ರಕ್ಕೆ ನಿಷ್ಠೆಯ ಮಾತು ಕೊಡಬಹುದೇ? ಕೊಡಬಹುದಾದರೆ ಎಲ್ಲಿಯವರೆಗೆ? ಈ ಪ್ರಶ್ನೆಗೆ ಕ್ರೈಸ್ತ ಜಗತ್ತು ಒಂದೇ ಉತ್ತರವನ್ನು ಎಂದೂ ಕೊಟ್ಟಿಲ್ಲ. ಪ್ರತಿಜ್ಞೆಯನ್ನು ಬರೆದವನೂ ಪಾದ್ರಿಯೇ, ಪ್ರತಿಜ್ಞೆ ಮಾಡಲು ಒಲ್ಲದೆ ಪ್ರಾಣ ಕೊಟ್ಟವನೂ ಭಕ್ತನೇ ಎಂಬುದು ಈ ಇತಿಹಾಸದ ವೈಚಿತ್ರ್ಯ.

ಧರ್ಮಗ್ರಂಥದ ಎರಡು ಧಾರೆಗಳು

ಬೈಬಲಿನಲ್ಲಿ ರಾಜ್ಯಾಧಿಕಾರದ ಕುರಿತು ಎರಡು ಬಗೆಯ ಬೋಧನೆಗಳು ಕಂಡುಬರುತ್ತವೆ. ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯದಲ್ಲಿ ಪೌಲನು ಆಳುವವರಿಗೆ ಅಧೀನರಾಗಿರಬೇಕೆಂದೂ, ಕಂದಾಯವನ್ನೂ ಮರ್ಯಾದೆಯನ್ನೂ ಸಲ್ಲಬೇಕಾದವರಿಗೆ ಸಲ್ಲಿಸಬೇಕೆಂದೂ ಹೇಳುತ್ತಾನೆ. ಪೇತ್ರನ ಮೊದಲನೆಯ ಪತ್ರವೂ ಅರಸನನ್ನು ಗೌರವಿಸುವಂತೆ ತಿಳಿಸುತ್ತದೆ. ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ತಾವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸುವಂತೆ ಬರೆದುದನ್ನೂ ಈ ಧಾರೆಗೆ ಸೇರಿಸಲಾಗುತ್ತದೆ.

ಇನ್ನೊಂದು ಧಾರೆ ಇದಕ್ಕೆ ಎಲ್ಲೆ ಹಾಕುತ್ತದೆ. ದಾನಿಯೇಲನ ಗ್ರಂಥದಲ್ಲಿ ಶದ್ರಕ್, ಮೇಶಕ್ ಮತ್ತು ಅಬೇದ್‌ನೆಗೋ ಎಂಬ ಮೂವರು ಯುವಕರು ರಾಜ ನೆಬೂಕದ್ನೆಚ್ಚರನು ನಿಲ್ಲಿಸಿದ ಪ್ರತಿಮೆಗೆ ಅಡ್ಡಬೀಳಲು ಒಪ್ಪದೆ ಬೆಂಕಿಯ ಕುಲುಮೆಗೆ ಎಸೆಯಲ್ಪಡುತ್ತಾರೆ. ಮನುಷ್ಯರ ಆಜ್ಞೆಗಿಂತ ದೇವರ ಆಜ್ಞೆ ದೊಡ್ಡದೆಂದು ಅಪೊಸ್ತಲರು ಯೆರೂಸಲೇಮಿನ ಹಿರೀಸಭೆಯ ಮುಂದೆ ಹೇಳಿದರೆಂದು ಅಪೊಸ್ತಲರ ಕೃತ್ಯಗಳು ಗ್ರಂಥದ 5ನೆಯ ಅಧ್ಯಾಯ ತಿಳಿಸುತ್ತದೆ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ಆಣೆಯನ್ನೇ ಇಡಬಾರದೆಂದೂ, ಹೌದಾದರೆ ಹೌದು ಅಲ್ಲವಾದರೆ ಅಲ್ಲ ಎಂಬಷ್ಟೇ ಸಾಕೆಂದೂ ಬೋಧಿಸುತ್ತಾನೆ.

ಈ ಎರಡರ ನಡುವೆ ನಿಂತಿರುವುದು ಕೈಸರನ ನಾಣ್ಯದ ಪ್ರಸಂಗ. ಕೈಸರನದು ಕೈಸರನಿಗೆ, ದೇವರದು ದೇವರಿಗೆ ಎಂಬ ಯೇಸುವಿನ ಉತ್ತರದ ಭಾವ ಎಲ್ಲರಿಗೂ ತಿಳಿದದ್ದೇ. ಆದರೆ ಕೈಸರನ ಪಾಲು ಎಲ್ಲಿ ಮುಗಿಯುತ್ತದೆ, ದೇವರ ಪಾಲು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಆ ಉತ್ತರ ಗೆರೆ ಎಳೆದು ತೋರಿಸುವುದಿಲ್ಲ. ಮುಂದಿನ ಶತಮಾನಗಳ ವಿವಾದಗಳೆಲ್ಲ ಆ ಗೆರೆಯ ಕುರಿತಾದುವೇ ಆಗಿವೆ.

ಚಕ್ರವರ್ತಿಯ ಮುಂದೆ ಧೂಪ

ರೋಮನ್ ಸಾಮ್ರಾಜ್ಯದಲ್ಲಿ ರಾಜನಿಷ್ಠೆ ಮತ್ತು ಪೂಜೆ ಬೇರೆಬೇರೆಯಾಗಿರಲಿಲ್ಲ. ಕ್ರಿ.ಶ. 112ರ ಸುಮಾರಿಗೆ ಬಿಥೂನ್ಯ ಪ್ರಾಂತದ ಅಧಿಪತಿ ಪ್ಲಿನಿಯು ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ ಇದಕ್ಕೆ ದೊರೆಯುವ ಮುಖ್ಯ ದಾಖಲೆ. ಕ್ರೈಸ್ತರೆಂದು ಆಪಾದನೆಗೆ ಒಳಗಾದವರಿಂದ ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪ ಮತ್ತು ದ್ರಾಕ್ಷಾರಸ ಅರ್ಪಿಸಿ, ಕ್ರಿಸ್ತನನ್ನು ನಿಂದಿಸುವಂತೆ ಮಾಡಿದರೆ ಅವರು ನಿಜವಾದ ಕ್ರೈಸ್ತರೋ ಅಲ್ಲವೋ ತಿಳಿಯುತ್ತದೆ ಎಂಬುದು ಆತನ ಪರೀಕ್ಷಾ ವಿಧಾನವಾಗಿತ್ತು. ಎರಡನೆಯ ಶತಮಾನದ ಮಧ್ಯಭಾಗದಲ್ಲಿ ಸ್ಮುರ್ನದ ವೃದ್ಧ ಬಿಷಪ್ ಪಾಲಿಕಾರ್ಪ್ ಚಕ್ರವರ್ತಿಯ ಭಾಗ್ಯದ ಮೇಲೆ ಆಣೆಯಿಡಲು ನಿರಾಕರಿಸಿ ಸುಡಲ್ಪಟ್ಟನು.

ಕ್ರಿ.ಶ. 249ರ ಅಂತ್ಯದ ಸುಮಾರಿಗೆ ಚಕ್ರವರ್ತಿ ಡೇಸಿಯಸ್ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞಾಪಿಸಿದನು. ಬಲಿ ಅರ್ಪಿಸಿದವರಿಗೆ ಅಧಿಕಾರಿಗಳು ಪ್ರಮಾಣಪತ್ರ ಕೊಡುತ್ತಿದ್ದರು. ಅಂತಹ ಹಲವು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ದೊರೆತಿವೆ. ರಾಷ್ಟ್ರನಿಷ್ಠೆಗೆ ಲಿಖಿತ ಸಾಕ್ಷ್ಯ ಕೇಳುವ ಪದ್ಧತಿ ಎಷ್ಟು ಪ್ರಾಚೀನವಾದುದೆಂಬುದಕ್ಕೆ ಅವು ನಿದರ್ಶನಗಳು.

ಗಮನಿಸಬೇಕಾದ ಅಂಶವೆಂದರೆ ಆ ಕಾಲದ ಕ್ರೈಸ್ತರು ತಮ್ಮನ್ನು ರಾಜದ್ರೋಹಿಗಳೆಂದು ಒಪ್ಪಿಕೊಳ್ಳಲಿಲ್ಲ. ಎರಡನೆಯ ಶತಮಾನದ ಕೊನೆಯಲ್ಲಿ ಆಫ್ರಿಕಾದ ಕಾರ್ಥೇಜಿನ ಲೇಖಕ ಟೆರ್ಟುಲಿಯನ್, ಕ್ರೈಸ್ತರು ಚಕ್ರವರ್ತಿಯನ್ನು ಪೂಜಿಸುವುದಿಲ್ಲ, ಆದರೆ ಆತನಿಗಾಗಿ ಪ್ರಾರ್ಥಿಸುತ್ತಾರೆ ಎಂದು ವಾದಿಸಿದನು. ದೇಶಕ್ಕಾಗಿ ಪ್ರಾರ್ಥನೆ ಸರಿ, ದೇಶಕ್ಕೆ ಪ್ರಾರ್ಥನೆ ಸಲ್ಲದು ಎಂಬ ಈ ಭೇದವೇ ಮುಂದೆ ಕೊಟ್ಟಾಯಂವರೆಗೂ ಬಂದು ಮುಟ್ಟಿದೆ.

ಆಣೆಗೆ ಬದಲಾಗಿ ದೃಢೀಕರಣ

ನಾಲ್ಕನೆಯ ಶತಮಾನದಲ್ಲಿ ಸಾಮ್ರಾಜ್ಯವೇ ಕ್ರೈಸ್ತಧರ್ಮವನ್ನು ಅಂಗೀಕರಿಸಿದ ಮೇಲೆ ಸನ್ನಿವೇಶ ತಲೆಕೆಳಗಾಯಿತು. ರಾಜರಿಗೆ ಅಭಿಷೇಕ ಮಾಡುವ ಕೆಲಸ ಬಿಷಪರದಾಯಿತು. ಸುವಾರ್ತೆಯ ಗ್ರಂಥದ ಮೇಲೆ ಕೈಯಿಟ್ಟು ನಿಷ್ಠೆಯ ಆಣೆ ಮಾಡುವುದು ಯೂರೋಪಿನ ವಾಡಿಕೆಯಾಯಿತು. ದೇಶದ ಮೇಲಿನ ಪ್ರೀತಿ ತಂದೆತಾಯಿಗಳ ಮೇಲಿನ ಕೃತಜ್ಞತೆಯಂತೆಯೇ ಒಂದು ಸದ್ಗುಣವೆಂದು ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಬೋಧಿಸಿದನು. ಕ್ಯಾಥೊಲಿಕ್ ಧರ್ಮೋಪದೇಶ ಇಂದಿಗೂ ದೇಶಸೇವೆಯನ್ನು ಕರ್ತವ್ಯವೆಂದೇ ಎಣಿಸುತ್ತದೆ. ಜೊತೆಗೆ ನೀತಿಗೆ ವಿರುದ್ಧವಾದ ಆಜ್ಞೆಯನ್ನು ಪಾಲಿಸದಿರುವುದೂ ಕರ್ತವ್ಯವೆನ್ನುತ್ತದೆ.

ಆಣೆಯ ವಿರೋಧ ಮತ್ತೆ ತಲೆಯೆತ್ತಿದ್ದು ಪ್ರಾಟೆಸ್ಟಂಟ್ ಸುಧಾರಣೆಯ ಕಾಲದಲ್ಲಿ. 1527ರಲ್ಲಿ ಶ್ಲೈಟ್‌ಹೈಮ್ ಎಂಬಲ್ಲಿ ಸೇರಿದ ಅನಾಬ್ಯಾಪ್ಟಿಸ್ಟರು ಆಣೆಯನ್ನೂ ಖಡ್ಗವನ್ನೂ ತ್ಯಜಿಸಬೇಕೆಂದು ನಿರ್ಣಯಿಸಿದರು. ಇಂದಿನ ಮೆನೊನೈಟರು ಮತ್ತು ಆಮಿಶ್ ಜನರು ಇದೇ ಪರಂಪರೆಗೆ ಸೇರಿದವರು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಸ್ಥಾಪಿಸಿದ ಕ್ವೇಕರ್ ಪಂಗಡದವರು ದೊರೆಗೆ ನಿಷ್ಠೆಯ ಆಣೆ ಮಾಡಲು ಒಪ್ಪಲಿಲ್ಲ. ದೊರೆಯ ಮೇಲೆ ಅವರಿಗೆ ದ್ವೇಷವಿರಲಿಲ್ಲ, ಆಣೆಯ ಮೇಲಿತ್ತು. 1662ರ ಶಾಸನವೊಂದು ಇದನ್ನು ಅಪರಾಧವೆಂದು ಸಾರಿತು ಮತ್ತು ಅನೇಕರು ಸೆರೆಮನೆ ಸೇರಿದರು. ಕೊನೆಗೆ 1696ರಲ್ಲಿ ಆಣೆಯ ಬದಲು ಗಂಭೀರವಾಗಿ ದೃಢೀಕರಿಸುವ ಅವಕಾಶವನ್ನು ಸಂಸತ್ತು ಅವರಿಗೆ ಕಲ್ಪಿಸಿತು.

ಹೀಗೆ ಸಣ್ಣ ಪಂಗಡವೊಂದರ ಹಟದಿಂದ ಹುಟ್ಟಿದ ಈ ಪರ್ಯಾಯ ಇಂದು ಎಲ್ಲರಿಗೂ ಉಪಯೋಗವಾಗುತ್ತಿದೆ. 1787ರ ಅಮೆರಿಕ ಸಂವಿಧಾನ ಅಧ್ಯಕ್ಷನಿಗೂ ಈ ಆಯ್ಕೆ ನೀಡಿದೆ. ಭಾರತ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಸಚಿವರು, ಶಾಸಕರು ಮತ್ತು ನ್ಯಾಯಾಧೀಶರಿಗೆ ‘ದೇವರ ಹೆಸರಿನಲ್ಲಿ’ ಅಥವಾ ‘ಸತ್ಯನಿಷ್ಠೆಯಿಂದ’ ಪ್ರಮಾಣ ಮಾಡುವ ಎರಡು ದಾರಿಗಳಿವೆ. ಬೆಂಗಳೂರಿನ ವಿಧಾನಸೌಧದಲ್ಲಿ ಪ್ರಮಾಣವಚನ ಸ್ವೀಕರಿಸುವ ಶಾಸಕರು ಎರಡನೆಯ ದಾರಿ ಹಿಡಿದಾಗ, ಅದರ ಹಿಂದೆ ಇಂಗ್ಲೆಂಡಿನ ಸೆರೆಮನೆಗಳಲ್ಲಿ ಕೊಳೆತ ಕ್ವೇಕರರ ನೆನಪು ಇರುವುದು ಹೆಚ್ಚಿನವರ ಗಮನಕ್ಕೆ ಬಾರದು.

ಅಮೆರಿಕದ ಪ್ರತಿಜ್ಞೆ ಹುಟ್ಟಿದ ಬಗೆ

ಶಾಲಾಮಕ್ಕಳು ನಿತ್ಯವೂ ಧ್ವಜದೆದುರು ನಿಂತು ನಿಷ್ಠೆಯ ವಚನ ಹೇಳುವ ಪದ್ಧತಿಗೆ ಪ್ರಸಿದ್ಧಿ ತಂದದ್ದು ಅಮೆರಿಕ. ಅದರ ವಚನವನ್ನು ರಚಿಸಿದವನು ಫ್ರಾನ್ಸಿಸ್ ಬೆಲಮಿ (1855-1931) ಎಂಬ ಬ್ಯಾಪ್ಟಿಸ್ಟ್ ಪಾದ್ರಿ. ಕ್ರೈಸ್ತ ಸಮಾಜವಾದದಲ್ಲಿ ಒಲವಿದ್ದ ಈತನು ಬಾಸ್ಟನ್ನಿನ ‘ಯೂತ್ಸ್ ಕಂಪ್ಯಾನಿಯನ್’ ಪತ್ರಿಕೆಗಾಗಿ ಇದನ್ನು ಬರೆದನು. 1892ರ ಸೆಪ್ಟೆಂಬರ್ 8ರ ಸಂಚಿಕೆಯಲ್ಲಿ ಅದು ಪ್ರಕಟವಾಯಿತು. ಕೊಲಂಬಸ್ ಯಾತ್ರೆಯ ನಾನೂರನೆಯ ವರ್ಷದ ನೆನಪಿಗೆ ಶಾಲೆಗಳಲ್ಲಿ ನಡೆಯಲಿದ್ದ ಉತ್ಸವಕ್ಕೆ ಅದು ಸಿದ್ಧವಾಗಿತ್ತು. ವಿಶೇಷವೆಂದರೆ ಪಾದ್ರಿಯ ಲೇಖನಿಯಿಂದ ಬಂದ ಆ ಮೂಲ ವಚನದಲ್ಲಿ ದೇವರ ಹೆಸರೇ ಇರಲಿಲ್ಲ.

ಆರಂಭದಲ್ಲಿ ಮಕ್ಕಳು ಬಲಗೈಯನ್ನು ಧ್ವಜದತ್ತ ನೀಳವಾಗಿ ಚಾಚಿ ವಂದಿಸುತ್ತಿದ್ದರು. ಇಟಲಿ ಮತ್ತು ಜರ್ಮನಿಯ ಸರ್ವಾಧಿಕಾರಿಗಳ ಅನುಯಾಯಿಗಳು ಬಳಸುತ್ತಿದ್ದ ಭಂಗಿಯನ್ನು ಅದು ಹೋಲುತ್ತಿದ್ದುದರಿಂದ 1942ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅದನ್ನು ಕೈಬಿಟ್ಟು, ಎದೆಯ ಮೇಲೆ ಕೈಯಿಡುವ ರೀತಿಯನ್ನು ಜಾರಿಗೆ ತಂದಿತು.

ಮೈನರ್ಸ್‌ವಿಲ್‌ನ ಅಕ್ಕ ತಮ್ಮ

ಈ ಪದ್ಧತಿಗೆ ಬಲವಾದ ಧಾರ್ಮಿಕ ಪ್ರತಿರೋಧ ಬಂದುದು ಯೆಹೋವನ ಸಾಕ್ಷಿಗಳಿಂದ. 1870ರ ದಶಕದಲ್ಲಿ ಪಿಟ್ಸ್‌ಬರ್ಗ್ ಪ್ರದೇಶದಲ್ಲಿ ಚಾರ್ಲ್ಸ್ ಟೇಜ್ ರಸೆಲ್‌ನ ಬೈಬಲ್ ಅಧ್ಯಯನ ಕೂಟದಿಂದ ಬೆಳೆದ ಈ ಪಂಗಡ 1931ರಲ್ಲಿ ಈ ಹೆಸರನ್ನು ತಾಳಿತು. ತ್ರೈಯೇಕ ದೇವರೆಂಬ ಸಿದ್ಧಾಂತವನ್ನು ಒಪ್ಪದ ಕಾರಣ ಇತರ ಸಭೆಗಳು ಇವರನ್ನು ತಮ್ಮ ಸಾಲಿಗೆ ಸೇರಿಸುವುದಿಲ್ಲವಾದರೂ ಇವರು ತಮ್ಮನ್ನು ಕ್ರೈಸ್ತರೆಂದೇ ಕರೆದುಕೊಳ್ಳುತ್ತಾರೆ. ಇವರು ಮತ ಹಾಕುವುದಿಲ್ಲ, ಸೈನ್ಯಕ್ಕೆ ಸೇರುವುದಿಲ್ಲ, ಧ್ವಜಕ್ಕೆ ವಂದಿಸುವುದಿಲ್ಲ. ವಿಗ್ರಹಕ್ಕೆ ಅಡ್ಡಬೀಳಬಾರದೆಂಬ ವಿಮೋಚನಕಾಂಡದ ಆಜ್ಞೆ ಧ್ವಜಕ್ಕೂ ಅನ್ವಯಿಸುತ್ತದೆ ಎಂಬುದು ಅವರ ನಿಲುವು.

1935ರಲ್ಲಿ ಪೆನ್ಸಿಲ್ವೇನಿಯದ ಮೈನರ್ಸ್‌ವಿಲ್ ಎಂಬ ಗಣಿ ಊರಿನಲ್ಲಿ 12 ವರ್ಷದ ಹುಡುಗಿ ಮತ್ತು 10 ವರ್ಷದ ಆಕೆಯ ತಮ್ಮ ಧ್ವಜವಂದನೆ ನಿಲ್ಲಿಸಿದ್ದರಿಂದ ಶಾಲೆಯಿಂದ ಹೊರಹಾಕಲ್ಪಟ್ಟರು. ಅವರ ತಂದೆ ನ್ಯಾಯಾಲಯದ ಮೆಟ್ಟಿಲೇರಿದರು. ಕೆಳಹಂತದ ಫೆಡರಲ್ ನ್ಯಾಯಾಲಯದಲ್ಲಿ ಮಕ್ಕಳ ಪರವಾಗಿ ತೀರ್ಪಿತ್ತ ನ್ಯಾಯಾಧೀಶ ಆಲ್ಬರ್ಟ್ ಮಾರಿಸ್ ಕ್ವೇಕರ್ ಪಂಗಡದವರಾಗಿದ್ದರು ಎಂಬುದು ಕಾಕತಾಳೀಯವಾದರೂ ಉಲ್ಲೇಖಾರ್ಹ.

ಆದರೆ 1940ರ ಜೂನ್ 3ರಂದು ಅಮೆರಿಕದ ಸುಪ್ರೀಂ ಕೋರ್ಟ್ 8-1ರ ಬಹುಮತದಿಂದ ಶಾಲಾಮಂಡಳಿಯ ಪರ ನಿಂತಿತು. ‘ಮೈನರ್ಸ್‌ವಿಲ್ ವಿರುದ್ಧ ಗೋಬೈಟಿಸ್’ ಎಂದು ಹೆಸರಾದ ಈ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್. ರಾಷ್ಟ್ರದ ಏಕತೆಯೇ ರಾಷ್ಟ್ರದ ಭದ್ರತೆಗೆ ಬುನಾದಿ, ಅದನ್ನು ಬೆಳೆಸುವ ಬಗೆಯನ್ನು ಶಾಲಾಮಂಡಳಿಗಳಿಗೆ ಬಿಡಬೇಕು ಎಂಬುದು ಅದರ ಸಾರ. ಭಿನ್ನಮತ ದಾಖಲಿಸಿದವರು ಹಾರ್ಲನ್ ಸ್ಟೋನ್ ಒಬ್ಬರೇ. ಯೂರೋಪಿನಲ್ಲಿ ಫ್ರಾನ್ಸ್ ಹಿಟ್ಲರನ ಸೈನ್ಯದೆದುರು ಕುಸಿಯುತ್ತಿದ್ದ ದಿನಗಳವು.

ತೀರ್ಪಿನ ಪರಿಣಾಮ ಭೀಕರವಾಗಿತ್ತು. ಧ್ವಜಕ್ಕೆ ವಂದಿಸದವರು ದೇಶದ್ರೋಹಿಗಳೆಂದು ಸುಪ್ರೀಂ ಕೋರ್ಟೇ ಹೇಳಿತೆಂಬ ಭಾವನೆ ಹರಡಿತು. ಅದೇ ತಿಂಗಳು ಮೇಯ್ನ್ ರಾಜ್ಯದ ಕೆನ್ನೆಬಂಕ್‌ನಲ್ಲಿ ಈ ಪಂಗಡದ ಸಭಾಗೃಹಕ್ಕೆ ಬೆಂಕಿ ಹಚ್ಚಲಾಯಿತು. ಅನೇಕ ಊರುಗಳಲ್ಲಿ ಗುಂಪುಗಳು ಅವರನ್ನು ಹೊಡೆದು ಓಡಿಸಿದವು. ದೇಶದಾದ್ಯಂತ ನೂರಾರು ಮಕ್ಕಳು ಶಾಲೆ ಕಳೆದುಕೊಂಡರು.

ಮೂರೇ ವರ್ಷಗಳಲ್ಲಿ ಬದಲಾದ ತೀರ್ಪು

1942ರಲ್ಲಿ ಮತ್ತೊಂದು ಮೊಕದ್ದಮೆಯ ಸಂದರ್ಭದಲ್ಲಿ ಬಹುಮತದಲ್ಲಿದ್ದ ನ್ಯಾಯಮೂರ್ತಿಗಳಾದ ಬ್ಲ್ಯಾಕ್, ಡಗ್ಲಸ್ ಮತ್ತು ಮರ್ಫಿ ಗೋಬೈಟಿಸ್ ತೀರ್ಪು ತಪ್ಪಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅದೇ ವರ್ಷದ ಜನವರಿಯಲ್ಲಿ ಪಶ್ಚಿಮ ವರ್ಜೀನಿಯ ರಾಜ್ಯದ ಶಿಕ್ಷಣ ಮಂಡಳಿ ಧ್ವಜವಂದನೆಯನ್ನು ಕಡ್ಡಾಯಗೊಳಿಸಿತ್ತು. ಅದನ್ನು ಪ್ರಶ್ನಿಸಿದ ‘ಬಾರ್ನೆಟ್’ ಪ್ರಕರಣದಲ್ಲಿ 1943ರ ಜೂನ್ 14ರಂದು, ಅಂದರೆ ಅಮೆರಿಕದ ಧ್ವಜದಿನದಂದೇ, ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ತನ್ನ ಹಿಂದಿನ ತೀರ್ಪನ್ನು ರದ್ದುಗೊಳಿಸಿತು.

ತೀರ್ಪು ಬರೆದ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಮುಂದೆ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅಮೆರಿಕದ ಮುಖ್ಯ ಅಭಿಯೋಜಕರಾದವರು. ಅವರು ವಿಷಯವನ್ನು ಧಾರ್ಮಿಕ ಸ್ವಾತಂತ್ರ್ಯಕ್ಕೆ ಸೀಮಿತಗೊಳಿಸದೆ ಅಭಿವ್ಯಕ್ತಿ ಸ್ವಾತಂತ್ರ್ಯದ ಅಡಿಯಲ್ಲಿ ಪರಿಶೀಲಿಸಿದರು. ಯಾವುದು ಸರಿಯಾದ ಅಭಿಪ್ರಾಯವೆಂದು ವಿಧಿಸುವ, ನಂಬದ ಮಾತನ್ನು ಬಾಯಿಂದ ಹೇಳಿಸುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲವೆಂಬುದು ಅವರ ನಿರ್ಣಯ. ಇದರಿಂದ ಈ ರಕ್ಷಣೆ ಒಂದು ಪಂಗಡಕ್ಕೆ ಮಾತ್ರವಲ್ಲದೆ, ಯಾವುದೇ ಕಾರಣಕ್ಕೆ ಮೌನವಾಗಿರಬಯಸುವ ಪ್ರತಿಯೊಬ್ಬ ವಿದ್ಯಾರ್ಥಿಗೂ ದೊರೆಯಿತು. ಮಹಾಯುದ್ಧ ನಡೆಯುತ್ತಿದ್ದಾಗಲೇ ಈ ತೀರ್ಪು ಬಂದುದು ಅದರ ಮಹತ್ವವನ್ನು ಹೆಚ್ಚಿಸಿದೆ.

ಪೌರತ್ವದ ಪ್ರಮಾಣ ಕುರಿತೂ ಇಂತಹದೇ ತಿರುವು ಕಂಡುಬಂತು. ಯೇಲ್ ವಿಶ್ವವಿದ್ಯಾನಿಲಯದ ದೇವತಾಶಾಸ್ತ್ರದ ಪ್ರಾಧ್ಯಾಪಕ, ಕೆನಡಾ ಮೂಲದ ಡಗ್ಲಸ್ ಮ್ಯಾಕಿಂಟಾಷ್ ನ್ಯಾಯಯುತವೆಂದು ತನಗೆ ತೋರಿದ ಯುದ್ಧದಲ್ಲಿ ಮಾತ್ರ ಶಸ್ತ್ರ ಹಿಡಿಯುವುದಾಗಿ ಹೇಳಿದ್ದಕ್ಕೆ 1931ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಪೌರತ್ವ ನಿರಾಕರಿಸಿತು. 1946ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದ ಒಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಆ ನಿಲುವನ್ನು ಕೈಬಿಟ್ಟು, ಶಸ್ತ್ರ ಹಿಡಿಯದೆಯೂ ದೇಶಸೇವೆ ಸಾಧ್ಯವೆಂದು ಒಪ್ಪಿತು.

ದೇವರ ಹೆಸರು ಸೇರಿದಾಗ

1954ರಲ್ಲಿ ಅಮೆರಿಕದ ಪ್ರತಿಜ್ಞೆಗೆ, ರಾಷ್ಟ್ರವು ದೇವರ ಅಧೀನದಲ್ಲಿದೆ ಎಂಬ ಅರ್ಥದ ಮಾತು ಸೇರ್ಪಡೆಯಾಯಿತು. ‘ನೈಟ್ಸ್ ಆಫ್ ಕೊಲಂಬಸ್’ ಎಂಬ ಕ್ಯಾಥೊಲಿಕ್ ಸಂಘಟನೆ ಇದಕ್ಕಾಗಿ ಒತ್ತಾಯಿಸಿತ್ತು. ಆ ವರ್ಷದ ಫೆಬ್ರುವರಿ 7ರಂದು ವಾಷಿಂಗ್ಟನ್ನಿನ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಪಾದ್ರಿ ಜಾರ್ಜ್ ಡಾಕರ್ಟಿ ಅಧ್ಯಕ್ಷ ಐಸೆನ್‌ಹೋವರ್ ಅವರ ಸಮ್ಮುಖದಲ್ಲೇ ಈ ಕುರಿತು ಪ್ರವಚನ ನೀಡಿದರು. ಕಮ್ಯುನಿಸ್ಟ್ ರಷ್ಯಾದ ಮಗುವೂ ಹೇಳಬಹುದಾದ ಪ್ರತಿಜ್ಞೆ ಅಮೆರಿಕಕ್ಕೆ ಸಾಲದು ಎಂಬುದು ಅವರ ವಾದದ ತಿರುಳು. ಜೂನ್ 14ರಂದು ಐಸೆನ್‌ಹೋವರ್ ಮಸೂದೆಗೆ ಸಹಿ ಮಾಡಿದರು.

ಈ ಸೇರ್ಪಡೆಯನ್ನು ನಾಸ್ತಿಕ ತಂದೆಯೊಬ್ಬರು ಪ್ರಶ್ನಿಸಿದಾಗ 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪಿತ್ತರೂ, 2004ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ದಾವೆ ಹೂಡುವ ಅರ್ಹತೆಯಿಲ್ಲವೆಂಬ ಕಾರಣದಿಂದ ಅದನ್ನು ತಳ್ಳಿಹಾಕಿತು. ಆ ಸಂದರ್ಭದಲ್ಲಿ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್, ಆ ಮಾತು ಕೇವಲ ವಿಧ್ಯುಕ್ತ ರೂಢಿಯೆಂದು ಅಭಿಪ್ರಾಯಪಟ್ಟರು. ಭಕ್ತರಿಗೆ ಇದು ಸಮಾಧಾನ ತರುವ ಗೆಲುವೇನೂ ಅಲ್ಲ. ದೇವರ ಹೆಸರು ಉಳಿಯಿತು. ಆದರೆ ಅದಕ್ಕೆ ವಿಶೇಷ ಅರ್ಥವಿಲ್ಲದ ಕಾರಣಕ್ಕೆ ಉಳಿಯಿತು ಎಂದಂತಾಯಿತು.

ಅಮೆರಿಕದ ಮೆನೊನೈಟರಲ್ಲಿ ಚರ್ಚೆ ಇನ್ನೊಂದು ಬಗೆಯದು. ಇಂಡಿಯಾನಾದ ಗೋಷೆನ್ ಕಾಲೇಜು ಶತಮಾನಕ್ಕೂ ಮಿಗಿಲಾದ ತನ್ನ ಪದ್ಧತಿ ಬಿಟ್ಟು 2010ರಲ್ಲಿ ಕ್ರೀಡಾಕೂಟಗಳಿಗೆ ಮೊದಲು ರಾಷ್ಟ್ರಗೀತೆಯ ವಾದ್ಯಸಂಗೀತ ನುಡಿಸಲು ಆರಂಭಿಸಿತು. ಯುದ್ಧದ ಚಿತ್ರಣವಿರುವ ಗೀತೆ ಶಾಂತಿವಾದಿ ಸಭೆಗೆ ತರವಲ್ಲವೆಂಬ ಆಕ್ಷೇಪ ಬಂದು, 2011ರಲ್ಲಿ ಆಡಳಿತ ಮಂಡಳಿ ಅದನ್ನು ಕೈಬಿಟ್ಟು ಬೇರೊಂದು ದೇಶಭಕ್ತಿಗೀತೆಯನ್ನು ಆರಿಸಿಕೊಂಡಿತು.

ಸರ್ವಾಧಿಕಾರದ ಕೆಳಗೆ

ನಿಷ್ಠೆಯ ಮಾತಿಗೆ ತೆರಬೇಕಾದ ಬೆಲೆ ಸರ್ವಾಧಿಕಾರಿಗಳ ಆಳ್ವಿಕೆಯಲ್ಲಿ ಅತಿ ಹೆಚ್ಚು. 1934ರ ಮೇ ತಿಂಗಳ ಕೊನೆಯಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಸೇರಿದ ಪ್ರಾಟೆಸ್ಟಂಟರು ಸಭೆಗೆ ಕ್ರಿಸ್ತನಲ್ಲದೆ ಬೇರೆ ಒಡೆಯನಿಲ್ಲವೆಂಬ ಘೋಷಣೆ ಹೊರಡಿಸಿದರು. ಅದರ ಪ್ರಧಾನ ಕರ್ತೃ ಕಾರ್ಲ್ ಬಾರ್ಟ್ ಬಾನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡುವಾಗ, ಕ್ರೈಸ್ತನಾಗಿ ತನಗೆ ಸಾಧ್ಯವಿರುವಷ್ಟರ ಮಟ್ಟಿಗೆ ಎಂಬ ಷರತ್ತನ್ನು ಸೇರಿಸಲು ಅವರು ಬಯಸಿದರು. ಷರತ್ತನ್ನು ಒಪ್ಪದ ಸರ್ಕಾರ ಅವರನ್ನು ಹುದ್ದೆಯಿಂದ ತೆಗೆಯಿತು. 1935ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ತೆರಳಿದರು. 1938ರಲ್ಲಿ ಪಾದ್ರಿಗಳಿಂದಲೂ ಇದೇ ಪ್ರಮಾಣ ಕೇಳಿದಾಗ ಬಹುಪಾಲು ಪಾದ್ರಿಗಳು ಅದನ್ನು ಮಾಡಿದರೆಂಬುದೂ ಇತಿಹಾಸವೇ.

ಆಸ್ಟ್ರಿಯದ ಕ್ಯಾಥೊಲಿಕ್ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್ ಹಿಟ್ಲರನ ಸೈನ್ಯದಲ್ಲಿ ಹೋರಾಡಲು ಒಪ್ಪದೆ 1943ರ ಆಗಸ್ಟ್ 9ರಂದು ಮರಣದಂಡನೆಗೆ ಒಳಗಾದರು. ಹೆಂಡತಿ ಮಕ್ಕಳಿದ್ದ ಅವರಿಗೆ ಬಿಷಪರೂ ಪಾದ್ರಿಗಳೂ ಒಪ್ಪಿಕೊಳ್ಳುವಂತೆಯೇ ಬುದ್ಧಿ ಹೇಳಿದ್ದರು. 2007ರಲ್ಲಿ ಅದೇ ಕ್ಯಾಥೊಲಿಕ್ ಸಭೆ ಅವರನ್ನು ‘ಪುನೀತ’ರೆಂದು ಘೋಷಿಸಿತು. ಹಿಟ್ಲರನಿಗೆ ಕೈಯೆತ್ತಿ ವಂದಿಸದ ಯೆಹೋವನ ಸಾಕ್ಷಿಗಳನ್ನು ಬಂದೀಶಿಬಿರಗಳಿಗೆ ಕಳುಹಿಸಿ, ಗುರುತಿಗಾಗಿ ಅವರ ಅಂಗಿಗೆ ನೇರಳೆ ಬಣ್ಣದ ತ್ರಿಕೋನ ಹೊಲಿಯಲಾಗುತ್ತಿತ್ತು.

ಜಪಾನಿನಲ್ಲಿ 1891ರ ಜನವರಿ 9ರಂದು ಅಧ್ಯಾಪಕ ಉಚಿಮುರ ಕಾಂಜೊ ಚಕ್ರವರ್ತಿಯ ಸಹಿಯಿದ್ದ ಶಿಕ್ಷಣ ಆಜ್ಞಾಪತ್ರದ ಮುಂದೆ ಆಳವಾಗಿ ತಲೆಬಾಗದ ಕಾರಣಕ್ಕೆ ಹುದ್ದೆ ಕಳೆದುಕೊಂಡರು. ಯೇಸು ಮತ್ತು ಜಪಾನ್ ಎರಡೇ ತನ್ನ ಪ್ರೀತಿಗಳೆಂದು ಹೇಳಿಕೊಂಡಿದ್ದ ಅವರನ್ನು ದೇಶ ದ್ರೋಹಿಯೆಂದು ಕರೆಯಿತು. ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯದಲ್ಲಿ 1938ರಲ್ಲಿ ಪ್ರೆಸ್ಬಿಟೇರಿಯನ್ ಮಹಾಸಭೆ ಒತ್ತಡಕ್ಕೆ ಮಣಿದು ಶಿಂಟೋ ಮಂದಿರದ ವಂದನೆಯನ್ನು ಒಪ್ಪಿಕೊಂಡಿತು. ಒಪ್ಪದ ಪಾದ್ರಿ ಚು ಕಿ-ಚೋಲ್ 1944ರಲ್ಲಿ ಸೆರೆಯಲ್ಲೇ ಮಡಿದರು.

ಭಾರತದ ಪ್ರತಿಜ್ಞೆ ಮತ್ತು ಬೆಂಗಳೂರು

ಭಾರತದ ಶಾಲಾಪುಸ್ತಕಗಳಲ್ಲಿರುವ ಪ್ರತಿಜ್ಞೆಯನ್ನು 1962ರಲ್ಲಿ ತೆಲುಗಿನಲ್ಲಿ ರಚಿಸಿದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. ನಲ್ಗೊಂಡ ಜಿಲ್ಲೆಯವರಾದ ಅವರು ಆಗ ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದರು. ಈ ಪ್ರತಿಜ್ಞೆಗೂ ಕರ್ನಾಟಕಕ್ಕೂ ಒಂದು ನಂಟಿದೆ. 1964ರಲ್ಲಿ ಎಂ.ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ನಡೆದ ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿಯ ಸಭೆ ಶಾಲೆಗಳಲ್ಲಿ ಪ್ರತಿಜ್ಞೆ ಹೇಳಿಸುವ ನಿರ್ಧಾರ ಕೈಗೊಂಡಿತು. 1965ರ ಜನವರಿ 26ರಿಂದ ಅದು ಜಾರಿಗೆ ಬಂತು. ದೇವರ ಹೆಸರಾಗಲಿ ಧ್ವಜದ ಹೆಸರಾಗಲಿ ಇಲ್ಲದ ಈ ಪ್ರತಿಜ್ಞೆ ಸಹೋದರಭಾವ, ಹಿರಿಯರ ಗೌರವ ಮತ್ತು ಜನರ ಕ್ಷೇಮಕ್ಕೆ ಒತ್ತು ಕೊಡುತ್ತದೆ. ದೇಶದ ಸಾವಿರಾರು ಕ್ರೈಸ್ತ ಶಾಲೆಗಳಲ್ಲಿ ಅದನ್ನು ಯಾವ ಅಳುಕೂ ಇಲ್ಲದೆ ಹೇಳಲಾಗುತ್ತಿದೆ.

ಭಾರತದ ಕ್ರೈಸ್ತರ ಮುಖ್ಯಧಾರೆ ರಾಷ್ಟ್ರನಿರ್ಮಾಣದಲ್ಲಿ ಪಾಲ್ಗೊಂಡ ಬಗೆ ಇಲ್ಲಿ ಸ್ಮರಣೀಯ. ಸಂವಿಧಾನ ರಚನಾಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಹರೇಂದ್ರ ಕುಮಾರ್ ಮುಖರ್ಜಿ ಕ್ರೈಸ್ತರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂಬ 1949ರ ನಿರ್ಧಾರವನ್ನು ಅವರು ಬೆಂಬಲಿಸಿದರು.

ನಿಷ್ಠೆಯೆಂದರೆ ಒಪ್ಪಿಗೆ ಮಾತ್ರವಲ್ಲ ಎಂಬುದಕ್ಕೂ ಬೆಂಗಳೂರಿನಲ್ಲೇ ಉದಾಹರಣೆಯುಂಟು. 1957ರಲ್ಲಿ ಆರಂಭವಾದ ‘ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆ’ಯನ್ನು ಇಲ್ಲಿ ಪಿ.ಡಿ. ದೇವಾನಂದನ್ ಅವರೊಡನೆ ಕಟ್ಟಿ ಬೆಳೆಸಿದ ಎಂ.ಎಂ. ಥಾಮಸ್, 1975-77ರ ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದ ಕ್ರೈಸ್ತ ಚಿಂತಕರಲ್ಲಿ ಪ್ರಮುಖರು. ಅದೇ ಥಾಮಸ್ 1990ರಲ್ಲಿ ನಾಗಾಲ್ಯಾಂಡ್ ರಾಜ್ಯಪಾಲರಾಗಿ ಸಂವಿಧಾನದ ಹೆಸರಿನಲ್ಲಿ ಪ್ರಮಾಣ ಸ್ವೀಕರಿಸಿದರು.

ಕೊಟ್ಟಾಯಂ ಮಕ್ಕಳ ಪ್ರಕರಣ

ಕೊಟ್ಟಾಯಂ ಮಕ್ಕಳ ಮೌನ ಬೆಳಕಿಗೆ ಬಂದುದು ಶಾಸಕರೊಬ್ಬರು ಅದನ್ನು ಕಂಡು ವಿಧಾನಸಭೆಯಲ್ಲಿ ಪ್ರಸ್ತಾಪಿಸಿದಾಗ. ವಿಚಾರಣೆಗೆ ನೇಮಕವಾದ ಆಯೋಗ, ಮಕ್ಕಳು ಕಾನೂನಿಗೆ ವಿಧೇಯರಾಗಿದ್ದು ರಾಷ್ಟ್ರಗೀತೆಗೆ ಅಗೌರವ ತೋರಿಲ್ಲವೆಂದು ವರದಿ ಕೊಟ್ಟಿತು. ಹಾಗಿದ್ದರೂ ಶಿಕ್ಷಣಾಧಿಕಾರಿಯ ಸೂಚನೆಯಂತೆ ಅವರನ್ನು ಹೊರಹಾಕಲಾಯಿತು. ಕೇರಳ ಉಚ್ಚ ನ್ಯಾಯಾಲಯ ರಾಷ್ಟ್ರಗೀತೆಯ ಒಂದೊಂದು ಪದವನ್ನೂ ಪರಿಶೀಲಿಸಿ, ಯಾರ ಧಾರ್ಮಿಕ ಭಾವನೆಗೂ ಧಕ್ಕೆ ತರುವಂತಹುದು ಅದರಲ್ಲಿಲ್ಲವೆಂದು ಹೇಳಿ ಅರ್ಜಿಯನ್ನು ವಜಾ ಮಾಡಿತು.

1986ರ ಆಗಸ್ಟ್ 11ರಂದು ‘ಬಿಜೋ ಇಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ’ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಆ ತೀರ್ಪನ್ನು ತಳ್ಳಿಹಾಕಿದರು. ಅವರ ತರ್ಕದ ಮುಖ್ಯಾಂಶಗಳು ಹೀಗಿವೆ:

* ಗೀತೆಯ ಪದಗಳಲ್ಲಿ ದೋಷವಿದೆಯೇ ಎಂಬುದು ಪ್ರಶ್ನೆಯಲ್ಲ. ಮಕ್ಕಳ ನಂಬಿಕೆ ಪ್ರಾಮಾಣಿಕವಾದುದೇ ಎಂಬುದಷ್ಟೇ ಪ್ರಶ್ನೆ. ಆ ನಂಬಿಕೆ ನ್ಯಾಯಾಧೀಶರಿಗೆ ವಿಚಿತ್ರವಾಗಿ ತೋರಿದರೂ 25ನೆಯ ವಿಧಿಯ ರಕ್ಷಣೆ ಅದಕ್ಕಿದೆ.

* ವಾಕ್ ಸ್ವಾತಂತ್ರ್ಯ ನೀಡುವ 19(1)(ಎ) ವಿಧಿಯಲ್ಲಿ ಮೌನವಾಗಿರುವ ಹಕ್ಕೂ ಅಡಗಿದೆ.

* 1971ರ ರಾಷ್ಟ್ರೀಯ ಗೌರವ ಅಪಮಾನ ತಡೆ ಕಾಯಿದೆ, ಇತರರು ಹಾಡುವುದನ್ನು ತಡೆಯುವುದನ್ನು ಮತ್ತು ಹಾಡುತ್ತಿರುವ ಸಭೆಗೆ ಅಡ್ಡಿ ಮಾಡುವುದನ್ನು ಅಪರಾಧವೆನ್ನುತ್ತದೆ. ಗೌರವದಿಂದ ಎದ್ದುನಿಂತು ಹಾಡದಿರುವುದು ಅಪರಾಧವಲ್ಲ.

* ಮೂಲಭೂತ ಹಕ್ಕನ್ನು ಮೊಟಕುಗೊಳಿಸಲು ಶಾಸನ ಬೇಕು. ಶಿಕ್ಷಣ ಇಲಾಖೆಯ ಸುತ್ತೋಲೆ ಸಾಲದು.

ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳುವಂತೆ ನ್ಯಾಯಾಲಯ ಆದೇಶಿಸಿತು. ಈ ನೆಲದ ಸಂಪ್ರದಾಯ, ತತ್ವಜ್ಞಾನ ಮತ್ತು ಸಂವಿಧಾನ ಮೂರೂ ಸಹಿಷ್ಣುತೆಯನ್ನೇ ಬೋಧಿಸುತ್ತವೆ, ಅದನ್ನು ತೆಳುವಾಗಿಸುವುದು ಬೇಡ ಎಂಬ ಆಶಯದೊಂದಿಗೆ ತೀರ್ಪು ಮುಗಿಯುತ್ತದೆ. ಗೋಬೈಟಿಸ್ ಮತ್ತು ಬಾರ್ನೆಟ್ ತೀರ್ಪುಗಳೂ ಅದರಲ್ಲಿ ಚರ್ಚೆಗೆ ಬಂದಿವೆ.

ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ನುಡಿಸುವುದನ್ನು ಸರ್ವೋಚ್ಚ ನ್ಯಾಯಾಲಯ 2016ರ ನವೆಂಬರ್ 30ರಂದು ಕಡ್ಡಾಯಗೊಳಿಸಿದಾಗ ಈ ತೀರ್ಪು ಮತ್ತೆ ಚರ್ಚೆಗೆ ಬಂತು. 2018ರ ಜನವರಿ 9ರಂದು ನ್ಯಾಯಾಲಯ ತನ್ನ ಆದೇಶವನ್ನು ಮಾರ್ಪಡಿಸಿ ಅದನ್ನು ಐಚ್ಛಿಕಗೊಳಿಸಿತು. ಬಹುಸಂಖ್ಯಾತರು ಕ್ರೈಸ್ತರೇ ಆಗಿರುವ ಫಿಲಿಪ್ಪೀನ್ಸ್‌ನಲ್ಲಿ 1959ರಲ್ಲಿ ಯೆಹೋವನ ಸಾಕ್ಷಿಗಳ ಮಕ್ಕಳ ಉಚ್ಚಾಟನೆಯನ್ನು ಎತ್ತಿಹಿಡಿದಿದ್ದ ಸುಪ್ರೀಂ ಕೋರ್ಟ್ 1993ರಲ್ಲಿ ತನ್ನ ನಿಲುವನ್ನು ಬದಲಿಸಿತು. ಹೀಗೆ ಮೂರು ದೇಶಗಳ ಅತ್ಯುನ್ನತ ನ್ಯಾಯಾಲಯಗಳು ಬೇರೆಬೇರೆ ದಾರಿಗಳಲ್ಲಿ ಒಂದೇ ಕಡೆಗೆ ಬಂದು ನಿಂತಿವೆ.

ಉಳಿದಿರುವ ಪ್ರಶ್ನೆ

ಕ್ರೈಸ್ತರಲ್ಲಿ ಇಂದು ಈ ವಿಷಯವಾಗಿ ಸ್ಥೂಲವಾಗಿ ಮೂರು ನಿಲುವುಗಳನ್ನು ಗುರುತಿಸಬಹುದು. ಪ್ರತಿಜ್ಞೆ ಕೃತಜ್ಞತೆಯ ಮಾತು, ಆರಾಧನೆಯಲ್ಲ, ಆದ್ದರಿಂದ ದೋಷವಿಲ್ಲ ಎಂಬುದು ಕ್ಯಾಥೊಲಿಕ್ ಹಾಗೂ ಬಹುಪಾಲು ಪ್ರಾಟೆಸ್ಟಂಟ್ ಸಭೆಗಳ ನಿಲುವು. ದೇವರ ಆಜ್ಞೆಗೆ ವಿರುದ್ಧವಾಗದ ಮಟ್ಟಿಗೆ ಎಂಬ ಷರತ್ತನ್ನು ಮನಸ್ಸಿನಲ್ಲಾದರೂ ಇಟ್ಟುಕೊಳ್ಳಬೇಕೆಂಬುದು ಬಾರ್ಟ್ ಅವರಂತಹವರ ನಿಲುವು. ಆಣೆಯೂ ಧ್ವಜವಂದನೆಯೂ ಸಲ್ಲದೆಂಬುದು ಸಣ್ಣ ಪಂಗಡಗಳ ನಿಲುವು.

ಮೂರನೆಯ ನಿಲುವನ್ನು ಒಪ್ಪುವವರು ಎಲ್ಲ ದೇಶಗಳಲ್ಲೂ ಕೆಲವರೇ. ಅವರ ತರ್ಕವನ್ನು ಉಳಿದ ಕ್ರೈಸ್ತರೇ ಒಪ್ಪುವುದಿಲ್ಲ. ಆದರೂ ದೃಢೀಕರಣದ ಹಕ್ಕು, ಮೌನದ ಹಕ್ಕು, ಸುತ್ತೋಲೆಗಿಂತ ಸಂವಿಧಾನ ದೊಡ್ಡದೆಂಬ ತತ್ವ ಇವೆಲ್ಲ ಅವರ ಮೊಕದ್ದಮೆಗಳಿಂದಲೇ ಸ್ಪಷ್ಟಗೊಂಡವು ಎಂಬುದು ಗಮನಾರ್ಹ. ಧ್ವಜಕ್ಕೆ ವಂದಿಸುವವರಿಗೂ ಅದರಿಂದ ಲಾಭವಾಗಿದೆ. ಒಲ್ಲೆನೆನ್ನುವ ಅವಕಾಶವಿರುವ ಕಡೆ ಮಾತ್ರ, ಬೆಳಗಿನ ಸಭೆಯಲ್ಲಿ ಎದ್ದುನಿಂತು ಹೇಳುವ ಪ್ರತಿಜ್ಞೆ ಹೇಳುವವರ ಸ್ವಂತ ಮಾತಾಗುತ್ತದೆ.